ಏನನ್ನೂ ಮುಚ್ಚಿಡದ ಹೆಡ್‌ಫೋನು

ನನಗೆ ಸಂಗೀತ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯಲ್ಲಿ ಹೇಳಿದರೆ ನೀವು ಕ್ಷಮಿಸಲಾರಿರಿ. ಹಿಂದೆಲ್ಲ ಹಾಡಲು ಬಾರದವರು ತಾಳ ಹಾಕುತ್ತಿದ್ದರು, ತಾಳವೂ ಬಾರದವರು ಕಛೇರಿಯ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಈಗ ಅಷ್ಟು ಕಷ್ಟಪಡಬೇಕಾಗಿಲ್ಲ. ಒಂದು ಕಂಪ್ಯೂಟರು, ಒಂದು ಮೈಕು, ಒಂದು ಹೆಡ್‌ಫೋನು ಇದ್ದರೆ ಯಾರು ಬೇಕಾದರೂ ಮ್ಯೂಸಿಕ್ ಪ್ರೊಡ್ಯೂಸರ್ ಆಗಬಹುದು. ನಾನು ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು; ರಜೆ ಬಂದರೆ ಬಸವೇಶ್ವರನಗರದ ನಮ್ಮ ಮನೆಯ ಸಾಮಾನಿನ ಕೋಣೆಯಲ್ಲಿ ಪ್ರೊಡ್ಯೂಸರ್.

ಆ ಕೋಣೆಯನ್ನು ನಾನು ಸ್ಟುಡಿಯೋ ಎನ್ನುತ್ತೇನೆ. ನನ್ನ ಹೆಂಡತಿ ಸುಮಾ ಅದನ್ನು ಈಗಲೂ ಸಾಮಾನಿನ ಕೋಣೆ ಎಂದೇ ಕರೆಯುತ್ತಾಳೆ, ಏಕೆಂದರೆ ಸಾಮಾನು ಇನ್ನೂ ಅಲ್ಲೇ ಇದೆ. ಗೋಡೆಗೆ ಒರಗಿಸಿದ ಹಳೆಯ ಹತ್ತಿ ಹಾಸಿಗೆಗಳು ಸದ್ದು ಮರುಕಳಿಸದಂತೆ ತಡೆಯುತ್ತವೆ. ಮೂಲೆಯ ಅಕ್ಕಿ ಮೂಟೆ ದಪ್ಪ ಸ್ವರಗಳನ್ನು ಹೀರಿಕೊಳ್ಳುತ್ತದೆ. ತಿಂಗಳ ಕೊನೆಯಲ್ಲಿ ಅಕ್ಕಿ ತಳ ಕಂಡಾಗ ನನ್ನ ಸ್ಟುಡಿಯೋದ ಧ್ವನಿಗುಣ ಕೆಡುತ್ತದೆ. ಇದನ್ನು ಸುಮಾಗೆ ವೈಜ್ಞಾನಿಕವಾಗಿ ವಿವರಿಸಿ, ಇನ್ನೊಂದು ಮೂಟೆ ತರಿಸೋಣವೇ ಎಂದು ಕೇಳಿದ್ದೆ. ಅವಳು ಎದ್ದು ಒಳಗೆ ಹೋದಳು.

ಪ್ರೊಡ್ಯೂಸರ್ ಆದ ಮೇಲೆ ಏನಾದರೂ ಪ್ರೊಡ್ಯೂಸ್ ಮಾಡಬೇಕಲ್ಲ. ಬಹಳ ದಿನ ಅದಕ್ಕೇ ಬರ ಇತ್ತು. ಕೊನೆಗೆ ಸಿಕ್ಕಿದ್ದು ಗಂಗಮ್ಮಜ್ಜಿಯ ಬಳಗ.

ಗಂಗಮ್ಮಜ್ಜಿ ನಮ್ಮ ಮುಂದಿನ ರಸ್ತೆಯವರು. ಚಿತ್ರದುರ್ಗದ ಕಡೆಯಿಂದ ಬಂದು, ಇಲ್ಲೇ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಪ್ರತಿ ಸೋಮವಾರ ಸಂಜೆ ನಮ್ಮ ಹಾಲಿನಲ್ಲಿ ವಚನ ಹಾಡಿಸುತ್ತಾರೆ. ಬಳಗದಲ್ಲಿ ಅವರನ್ನು ಬಿಟ್ಟರೆ ಸುಮಾ ಮತ್ತು ಸುತ್ತಲಿನ ಮೂವರು ಹೆಂಗಸರು, ಅಷ್ಟೇ. ಮೊದಲು ಇನ್ನೂ ಹೆಚ್ಚು ಜನ ಇದ್ದರಂತೆ. ಶ್ರುತಿ ಬಿಟ್ಟವರನ್ನೆಲ್ಲ ಅಜ್ಜಿ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿದ ಮೇಲೆ ಉಳಿದವರು ಇವರು. "ಭಕ್ತಿ ನಿಮ್ಮನೇಲಿ ಮಾಡ್ಕೊಳ್ರಿ, ಇಲ್ಲಿ ಶ್ರುತಿ ಬೇಕು" ಎನ್ನುವುದು ಅವರ ನಿಯಮ. ಆ ನಿಯಮ ತಮಗೂ ಅನ್ವಯಿಸುತ್ತದೆ ಎಂದು ಅವರು ಎಲ್ಲರ ಮುಂದೆ ಹೇಳುತ್ತಿದ್ದರು. "ನಂದು ಶ್ರುತಿ ತಪ್ತು ಅಂತ ಗೊತ್ತಾದ ದಿನ ಬಾಯಿ ಮುಚ್ಕೊಂಡು ಮನೇಲಿ ಕೂತ್ಕೋತೀನಿ. ಯಾರೂ ಹೇಳೋದೇನ್ ಬೇಕಿಲ್ಲ." ಅವರು ಹೇಳಿದ್ದನ್ನು ಮಾಡುವ ಪೈಕಿ. ಗಂಡ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಕಾಲಿಡುತ್ತಿದ್ದದ್ದೇ ಈ ಸೋಮವಾರಕ್ಕಾಗಿ, ಆದ್ದರಿಂದ ಆ ಮಾತು ಬಂದಾಗಲೆಲ್ಲ ಸುಮಾಳ ಮುಖ ಸಣ್ಣದಾಗುತ್ತಿತ್ತು.

ಈ ವರ್ಷ ಬಸವ ಜಯಂತಿಗೆ ಪಾರ್ಕಿನಲ್ಲಿ ಪೆಂಡಾಲು ಹಾಕುವುದೆಂದು ಬಡಾವಣೆಯವರು ತೀರ್ಮಾನಿಸಿದರು. ವೇದಿಕೆಯ ಮೆಟ್ಟಿಲು ಹತ್ತಲು ಅಜ್ಜಿಯ ಮಂಡಿ ಒಪ್ಪಲಿಲ್ಲ. ಹಾಗಾದರೆ ಬಳಗದ ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ಹಾಕೋಣ ಎಂದು ಯಾರೋ ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಜೀವಮಾನದಲ್ಲಿ ಇಂಥ ನೋಟ ನನಗೆ ಎರಡನೇ ಸಲ ಸಿಕ್ಕಿದ್ದು, ಮೊದಲನೆಯದು ಮದುವೆಯಲ್ಲಿ.

ಇಷ್ಟು ದೊಡ್ಡ ಜವಾಬ್ದಾರಿಗೆ ನನ್ನ ಹತ್ತಿರವಿದ್ದ ಹೆಡ್‌ಫೋನು ಸಾಲದು ಎಂದು ಹೇಳಿದವನು ಕಿರಣ. ನನ್ನ ಹಳೆಯ ವಿದ್ಯಾರ್ಥಿ, ಕೆಂಗೇರಿಯವನು. ರಸಾಯನಶಾಸ್ತ್ರದಲ್ಲಿ ಕಷ್ಟಪಟ್ಟು ಪಾಸಾಗಿ, ಈಗ ಜಾಹೀರಾತುಗಳಿಗೆ ಸದ್ದು ಕೂಡಿಸುವ ಕೆಲಸದಲ್ಲಿ ನನಗಿಂತ ಚೆನ್ನಾಗಿದ್ದಾನೆ. ನನ್ನ ಹೆಡ್‌ಫೋನನ್ನು ಒಂದು ನಿಮಿಷ ಹಾಕಿಕೊಂಡು, ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟ.

"ಸಾರ್, ಇದು ನಿಮ್ಮನ್ನ ಖುಷಿಯಾಗಿಡೋಕೆ ಮಾಡಿರೋದು. ಬೇಸ್ ಜಾಸ್ತಿ ಹಾಕಿ ಎಲ್ಲಾನೂ ಚೆಂದ ಮಾಡಿ ತೋರ್ಸುತ್ತೆ. ಎಲ್ಲಾ ದನಿ ಕೂಡ್ಸಿ ಹದ ಮಾಡೋ ಮಿಕ್ಸಿಂಗ್‌ಗೆ ಬೇಕಾಗಿರೋದು ಬೇಜಾರ್ ಮಾಡೋ ಹೆಡ್‌ಫೋನು. ಇದ್ದಿದ್ ಇದ್ದಂಗೆ ಹೇಳ್ಬೇಕು, ಏನೂ ಮುಚ್ಚಿಡ್ಬಾರ್ದು."

ಇದ್ದದ್ದನ್ನು ಇದ್ದಹಾಗೆ ಹೇಳುವವರು ನಮ್ಮ ನೆಂಟರಲ್ಲಿ ಇಬ್ಬರಿದ್ದಾರೆ. ಯಾರೂ ಅವರನ್ನು ನಾಮಕರಣಕ್ಕೆ ಕರೆಯುವುದಿಲ್ಲ. ಅಂಥ ಒಂದು ವಸ್ತುವನ್ನು ದುಡ್ಡು ಕೊಟ್ಟು ಮನೆಗೆ ತಂದು ಕಿವಿಗೇ ಕಟ್ಟಿಕೊಳ್ಳಬೇಕು ಎನ್ನುವುದು ನನಗೆ ಹೊಸ ವಿಚಾರ. ಆದರೂ ಹುಡುಕಲು ಶುರು ಮಾಡಿದೆ.

ನಿಖರವಾದ ಹೆಡ್‌ಫೋನು ಹುಡುಕುವುದು ಗಂಡು ಹುಡುಕುವುದಕ್ಕಿಂತ ಕಷ್ಟ. ಪ್ರತಿಯೊಂದಕ್ಕೂ ಒಂದೊಂದು ಗ್ರಾಫು ಇರುತ್ತದೆ. ದಪ್ಪ ಸ್ವರದಿಂದ ಸಣ್ಣ ಸ್ವರದವರೆಗೆ ಎಲ್ಲೂ ಉಬ್ಬದೆ ತಗ್ಗದೆ ಸರಿಸಮವಾಗಿ ಹೋಗುವುದು ಉತ್ತಮ ಜಾತಕ. ಆದರೆ ಹಾಗೆ ಹೋಗುವುದು ಯಾವುದೂ ಇಲ್ಲ. ಒಂದರಲ್ಲಿ ಸಕಾರ ಶಕಾರಗಳು ಚುಚ್ಚುತ್ತವೆ, ಇನ್ನೊಂದರಲ್ಲಿ ತಬಲಾದ ಎಡಗೈ ಸದ್ದು ಊದಿಕೊಳ್ಳುತ್ತದೆ. ಇಂಟರ್‌ನೆಟ್ಟಿನಲ್ಲಿ ಇದರ ಮೇಲೆ ತೀರ್ಪು ಕೊಡುವ ಪಂಡಿತರ ಭಾಷೆಯೇ ಬೇರೆ. ಅವರಿಗೆ ಒಂದು ಹೆಡ್‌ಫೋನು ಕತ್ತಲೆಯಾಗಿ ಕೇಳುತ್ತದೆ, ಒಂದು ಬೆಚ್ಚಗೆ ಕೇಳುತ್ತದೆ, ಒಂದು ಒಣಗಿದಂತೆ ಕೇಳುತ್ತದೆ. ಕೇಳುವ ವಸ್ತುವನ್ನು ಕಣ್ಣು, ಚರ್ಮ, ನಾಲಿಗೆ ಎಲ್ಲದರಿಂದಲೂ ಅನುಭವಿಸಿ, ಕಿವಿಯೊಂದಕ್ಕೆ ವಿಶ್ರಾಂತಿ ಕೊಟ್ಟಿದ್ದಾರೆ.

ಇನ್ನು ಇದರಲ್ಲಿ ಎರಡು ಪಂಗಡ. ಬೆನ್ನು ಮುಚ್ಚಿದ್ದು, ಬೆನ್ನು ತೆರೆದಿದ್ದು. ಮುಚ್ಚಿದ್ದು ಸದ್ದನ್ನು ಹೊರಗೆ ಬಿಡುವುದಿಲ್ಲ, ಹಾಡುವಾಗ ಅದೇ ಸರಿ, ಇಲ್ಲದಿದ್ದರೆ ಕಿವಿಯಿಂದ ಸೋರಿದ್ದು ಮತ್ತೆ ಮೈಕಿಗೆ ಹೋಗುತ್ತದೆ. ತೆರೆದಿದ್ದರಲ್ಲಿ ಜಾಲರಿಯ ಮೂಲಕ ಗಾಳಿಯಾಡುತ್ತದೆ, ಸದ್ದು ಇಕ್ಕಟ್ಟಾಗದೆ ಸಹಜವಾಗಿ ಕೇಳುತ್ತದೆ, ಮಿಕ್ಸಿಂಗಿಗೆ ಅದೇ ನಿಖರ ಎಂದು ಬಲ್ಲವರ ಮತ. ಆದರೆ ಅದರಲ್ಲಿ ನೀವು ಕೇಳಿದ್ದು ಪಕ್ಕದವರಿಗೂ ಕೇಳುತ್ತದೆ, ಪಕ್ಕದ ಮನೆಯ ಮಿಕ್ಸಿ ನಿಮಗೂ ಕೇಳುತ್ತದೆ. ನಮ್ಮ ಕಡೆ ಮನೆಗಳ ನಡುವೆ ಕೈ ತೂರಿಸುವಷ್ಟು ಜಾಗವಿಲ್ಲ. ಚಟ್ನಿ ರುಬ್ಬುವುದನ್ನು ಇಷ್ಟು ಸ್ಪಷ್ಟವಾಗಿ ಕೇಳಬೇಕೆಂದರೆ ಹೆಡ್‌ಫೋನಿನ ಅಗತ್ಯವೇ ಇರಲಿಲ್ಲ.

ಕೊಳ್ಳುವ ಮೊದಲು ನಿಮಗೆ ಸಂಪೂರ್ಣ ಪರಿಚಯವಿರುವ ಒಂದು ಧ್ವನಿಮುದ್ರಣವನ್ನು ಹಾಕಿ ಪರೀಕ್ಷಿಸಿ ಎಂದು ಪಂಡಿತರು ಒಕ್ಕೊರಲಿನಿಂದ ಹೇಳುತ್ತಾರೆ. ನನಗೆ ಉಸಿರು ಉಸಿರೂ ಗೊತ್ತಿರುವ ಧ್ವನಿಮುದ್ರಣ ಯಾವುದೆಂದು ಪ್ರಾಮಾಣಿಕವಾಗಿ ಯೋಚಿಸಿದೆ. ಅದು ಬೆಳಿಗ್ಗೆ ನಮ್ಮ ಬೀದಿಗೆ ಬರುವ ಕಸದ ಆಟೋದ್ದು. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಆ ಹೆಣ್ಣುಮಗಳು ಹೇಳುವಾಗ 'ಬೇರೆ'ಯ ಮುಂಚೆ ಎಲ್ಲಿ ಗುಟುಕು ನುಂಗುತ್ತಾಳೆ ಎಂಬುದೂ ನನಗೆ ಬಾಯಿಪಾಠ. ಅದನ್ನು ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಹಿಡಿದುಕೊಂಡು ರಾಜಾಜಿನಗರದ ಅಂಗಡಿಗೆ ಹೋದೆ. ಅಂಗಡಿಯವರು ಒಂದೊಂದೇ ಹೆಡ್‌ಫೋನು ಕೊಟ್ಟರು, ನಾನು ಕಣ್ಣು ಮುಚ್ಚಿ ಕಸದ ಪ್ರಕಟಣೆ ಆಲಿಸಿದೆ. ಮೂರನೆಯದರಲ್ಲಿ ಆ ಗುಟುಕು ಸ್ಪಷ್ಟವಾಗಿ ಕೇಳಿತು. ಹಿಂದೆ ನಾಯಿ ಬೊಗಳಿದ್ದು, ಯಾರೋ ಬಕೆಟ್ಟು ಕುಕ್ಕಿದ್ದು, ಮಾಗಡಿ ರಸ್ತೆಯಲ್ಲಿ ಬಸ್ಸು ಬ್ರೇಕ್ ಹಾಕಿದ್ದು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೇಳಿದವು. ನನ್ನ ಕಣ್ಣು ತುಂಬಿ ಬಂತು.

"ಏನ್ ಸಾಂಗ್ ಸಾರ್, ಕ್ಲಾಸಿಕಲ್ಲಾ?" ಎಂದರು ಅಂಗಡಿಯವರು.

"ಹೌದು" ಎಂದೆ.

ಹೀಗೆ ತಂದ, ಬೆನ್ನು ತೆರೆದ ಹೆಡ್‌ಫೋನಿನ ಡಬ್ಬಿಯ ಮೇಲೆ ಇದು ಏನನ್ನೂ ಸೇರಿಸುವುದಿಲ್ಲ, ಏನನ್ನೂ ಮುಚ್ಚಿಡುವುದಿಲ್ಲ ಎಂಬರ್ಥದ ಮಾತು ಇಂಗ್ಲಿಷಿನಲ್ಲಿ ಇತ್ತು. ಆದರೆ ಇಲ್ಲೊಂದು ಸಣ್ಣ ವಿಷಯವನ್ನು ಡಬ್ಬಿಯವರು ಹೇಳಿರುವುದಿಲ್ಲ. ಮನುಷ್ಯರ ಕಿವಿಗಳು ಒಂದೊಂದು ಆಕಾರ. ಒಬ್ಬನ ಕಿವಿಯ ಮಡಿಕೆಯಲ್ಲಿ ಸದ್ದು ಸುಳಿದು ಒಳಗೆ ಹೋಗುವ ರೀತಿ ಇನ್ನೊಬ್ಬನಿಗಿಲ್ಲ. ಅದಕ್ಕೇ ಒಂದೇ ಹೆಡ್‌ಫೋನು ನನಗೊಂದು ಥರ, ಕಿರಣನಿಗೊಂದು ಥರ. ನಮ್ಮ ದನಿಯಂತೂ ನಮಗೆ ತಲೆಬುರುಡೆಯ ಮೂಲಕವೂ ಕೇಳುವುದರಿಂದ, ರೆಕಾರ್ಡಿನಲ್ಲಿ ಕೇಳಿದಾಗ ಯಾರಿಗಾದರೂ ಇದು ನಾನಲ್ಲ ಎನ್ನಿಸುತ್ತದೆ. ಹುಟ್ಟಿದಾಗಿನಿಂದ ಜೊತೆಗಿರುವ ದನಿಯ ಬಗ್ಗೆಯೇ ನಮಗೆ ನಿಖರ ಮಾಹಿತಿ ಇಲ್ಲ. ಈ ತತ್ವವನ್ನು ಸುಮಾಗೆ ಹೇಳುತ್ತಿದ್ದಾಗ ಅವಳು, "ಹಂಗಾದ್ರೆ ಅಷ್ಟು ದುಡ್ಡು ಕೊಟ್ಟು ತಂದಿದ್ ಯಾಕ್ರೀ?" ಎಂದಳು. ಹೆಂಗಸರ ಜೊತೆ ತತ್ವ ಮಾತಾಡುವುದು ಕಷ್ಟ, ಅವರು ಅದನ್ನು ಕೊನೆಯವರೆಗೆ ಕೇಳಿಸಿಕೊಳ್ಳುತ್ತಾರೆ.

ರೆಕಾರ್ಡಿಂಗಿನ ದಿನ ಕಿರಣ ಐದು ಮೈಕು ತಂದು ಒಬ್ಬೊಬ್ಬರ ಮುಂದೆ ಒಂದೊಂದು ನಿಲ್ಲಿಸಿದ. ನಡುವೆ ಗಂಗಮ್ಮಜ್ಜಿ, ಅವರ ಬಲಕ್ಕೆ ಸುಮಾ, ಸುಮಾಳ ತೊಡೆಯ ಪಕ್ಕ ಎಂದಿನಂತೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಅಜ್ಜಿ ಎತ್ತಿಕೊಟ್ಟರು, ನಾಲ್ವರೂ ಹಿಡಿದರು. ಹಾಡು ಅರ್ಧಕ್ಕೆ ಬಂದಾಗ ಸುಮಾ ಕೈ ಚಾಚಿ, ಯಾರಿಗೂ ಕಾಣದಂತೆ ಶ್ರುತಿ ಪೆಟ್ಟಿಗೆಯ ಸದ್ದಿನ ತಿರುಪನ್ನು ಪೂರ್ತಿ ತಗ್ಗಿಸಿದಳು. ಅವಳು ಹೀಗೆ ಮಾಡುವುದನ್ನು ಸೋಮವಾರಗಳಲ್ಲಿ ಹಲವು ಸಲ ಗಮನಿಸಿದ್ದೆ. ಕರೆಂಟು ಉಳಿಸುತ್ತಾಳೆ ಎಂದುಕೊಂಡಿದ್ದೆ.

ಅಂದಿನಿಂದ ನನ್ನ ವನವಾಸ ಶುರುವಾಯಿತು. ಹತ್ತಿ ಹಾಸಿಗೆಗಳ ನಡುವೆ, ಅಕ್ಕಿ ಮೂಟೆಗೆ ಕಾಲು ಚಾಚಿ, ಹೆಡ್‌ಫೋನು ಹಾಕಿಕೊಂಡು ಕೂತೆ. ಮೊದಲ ಕೆಲಸವಾಗಿ ಆ ತಗ್ಗಿದ ಶ್ರುತಿಯನ್ನು ತೆಗೆದು, ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಮೊಳಗುವ ಹೊಸ ಶ್ರುತಿ ಕೂಡಿಸಿದೆ. ಆಮೇಲೆ ಒಬ್ಬೊಬ್ಬರ ದನಿಯನ್ನೂ ಕಂಪ್ಯೂಟರಿನಲ್ಲಿ ತೂಗಿದೆ. ಯಾರು ಎಷ್ಟು ಶ್ರುತಿ ಬಿಟ್ಟಿದ್ದಾರೆ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಸಾಫ್ಟ್‌ವೇರ್ ಅದು. ನೋಡಿದರೆ ನಾಲ್ವರೂ ಹಾಡಿನ ಎರಡನೇ ಅರ್ಧದಲ್ಲಿ ನಿಧಾನಕ್ಕೆ ಕೆಳಗೆ ಜಾರಿದ್ದರು. ಒಬ್ಬಿಬ್ಬರಲ್ಲ, ನಾಲ್ವರೂ, ಒಂದೇ ಕಡೆ, ಒಂದೇ ಅಳತೆಯಲ್ಲಿ. ನನ್ನ ಹೆಂಡತಿಯೂ ಸೇರಿ. ಶ್ರುತಿ ಶುದ್ಧಿಯ ಬಗ್ಗೆ ನನಗೆ ವರ್ಷಗಟ್ಟಲೆ ಪಾಠ ಹೇಳಿದವಳ ಗೆರೆ ಕೆಂಪಾಗಿ ಇಳಿಯುತ್ತಿರುವುದನ್ನು ನೋಡಿ ಆದ ಸಂತೋಷವನ್ನು ಇಲ್ಲಿ ಬರೆಯುವುದು ಸಂಸಾರಕ್ಕೆ ಒಳ್ಳೆಯದಲ್ಲ.

ನಾಲ್ವರನ್ನೂ ಒಂದೊಂದಾಗಿ ಎತ್ತಿ ಸರಿಯಾದ ಜಾಗದಲ್ಲಿ ಕೂರಿಸಿದೆ. ಗಂಗಮ್ಮಜ್ಜಿಯ ದನಿಯನ್ನು ಮಾತ್ರ ತೂಗಲೇ ಇಲ್ಲ. ಅವರನ್ನು ಪರೀಕ್ಷೆ ಮಾಡಲು ನಾನು ಯಾರು? ಹೆಡ್‌ಮಿಸ್ಸಿನ ಉತ್ತರ ಪತ್ರಿಕೆ ತಿದ್ದಿದಂತಾಗುತ್ತದೆ. ಎಲ್ಲವನ್ನೂ ಕೂಡಿಸಿ ಕೇಳಿದಾಗ ಅಜ್ಜಿಯ ದನಿ ಎರಡನೇ ಅರ್ಧದಲ್ಲಿ ಉಳಿದವರಿಂದ ಬೇರೆಯಾಗಿ, ಎದ್ದು ಕೇಳುತ್ತಿತ್ತು. ಮುಖ್ಯ ಗಾಯಕರ ದನಿ ಗುಂಪಿನಿಂದ ಬೇರ್ಪಟ್ಟು ಕೇಳಬೇಕು ಎಂದು ಪಂಡಿತರು ಹೇಳಿದ್ದರಲ್ಲ, ಅದು ತಾನಾಗಿಯೇ ಸಿದ್ಧಿಸಿತು ಎಂದು ಹಿಗ್ಗಿದೆ. ಒಳ್ಳೆಯ ಹೆಡ್‌ಫೋನು ಎಂದರೆ ಸುಮ್ಮನೆಯೇ ಎಂದುಕೊಂಡೆ. ಮೊದಲೇ ಹೇಳಿದ್ದೇನೆ, ನನಗೆ ಸಂಗೀತ ಬರುವುದಿಲ್ಲ.

ಮುಂದಿನ ಸೋಮವಾರ ಎಲ್ಲರೂ ಸೇರಿದಾಗ ಹಾಲಿನ ಸ್ಪೀಕರಿನಲ್ಲಿ ಹಾಡು ಹಾಕಿದೆ. ಸುಮಾಗೂ ಮುಂಚೆ ಕೇಳಿಸಿರಲಿಲ್ಲ, ಆಶ್ಚರ್ಯಪಡಲಿ ಎಂದು. ಅವಳು ಆಶ್ಚರ್ಯಪಟ್ಟಳು. ಹಾಡು ಅರ್ಧಕ್ಕೆ ಬಂದಾಗ ಅವಳ ಕೈ ತಾನಾಗಿ ಪಕ್ಕಕ್ಕೆ ಚಾಚಿ, ಅಲ್ಲಿ ಇಲ್ಲದ ಶ್ರುತಿ ಪೆಟ್ಟಿಗೆಯ ತಿರುಪಿಗಾಗಿ ತಡಕಾಡಿತು. ಉಳಿದ ಮೂವರು ನೆಲ ನೋಡುತ್ತ ಕೂತರು. ಶ್ರುತಿ ಮೊಳಗುತ್ತಿತ್ತು, ನಾಲ್ಕು ದನಿಗಳು ಅದಕ್ಕೆ ಅಂಟಿಕೊಂಡು ಮೇಲೆ ನಿಂತಿದ್ದವು, ಅಜ್ಜಿಯ ದನಿ ಒಂದೇ ಒಂದು ಕೆಳಗೆ ಇಳಿಯುತ್ತ ಹೋಗುತ್ತಿತ್ತು. ನನಗೂ ಆಗ ತಿಳಿಯಿತು. ಸಂಗೀತದಿಂದಲ್ಲ, ಅವರ ಮುಖಗಳಿಂದ.

ಹಾಡು ಮುಗಿಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನಾಲ್ವರನ್ನೂ ನೋಡಿದರು.

"ಯಾಕ್ರೇ, ನನ್ನೊಬ್ಳನ್ನೇ ಬಿಟ್ಟು ಎಲ್ಲಿಗ್ ಹೋದ್ರಿ ಎಲ್ರೂ?"

"ತಪ್ಪಾಯ್ತಜ್ಜಿ" ಎಂದಳು ಸುಮಾ ತಕ್ಷಣ. "ನಾವೇ ಶ್ರುತಿ ಬಿಟ್ಬಿಟ್ವಿ."

"ಹೂಂ ಅಜ್ಜಿ, ನಮ್ದೇ ತಪ್ಪು" ಎಂದರು ಉಳಿದ ಮೂವರು.

"ಅದೇ ಮತ್ತೆ. ಮೇಲೆ ಮೇಲೆ ಹೋಗಿದೀರಿ. ನಾನೊಬ್ಳೇ ಸರಿಯಾಗಿ ಹಾಡಿರೋದು."

ನಾನು ಅಧ್ಯಾಪಕ. ತಪ್ಪು ಉತ್ತರ ಕಿವಿಗೆ ಬಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. "ಇಲ್ಲಜ್ಜಿ, ಕಂಪ್ಯೂಟರಲ್ಲಿ..." ಎನ್ನುವಷ್ಟರಲ್ಲಿ ಸುಮಾ ನನ್ನ ಕಾಲು ತುಳಿದಳು. "ಕಂಪ್ಯೂಟರಲ್ಲಿ ಏನೋ ಕೆಟ್ಟಿರ್ಬೇಕು" ಎಂದು ಮುಗಿಸಿದೆ.

ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಅವಳು ನನಗೆ ಹೇಳಿದ್ದು ಇಷ್ಟು. ಅಜ್ಜಿಯ ದನಿ ಬಹಳ ದಿನದಿಂದ ಹಾಡಿನ ನಡುವೆ ಜಾರುತ್ತಿದೆ. ಅದು ಜಾರಿದಾಗ ಇವರು ನಾಲ್ವರೂ ಜೊತೆಯಲ್ಲೇ ಜಾರುತ್ತಾರೆ. ಅವಳು ಶ್ರುತಿ ಪೆಟ್ಟಿಗೆ ತಗ್ಗಿಸುತ್ತಾಳೆ. ಎಲ್ಲರೂ ಒಟ್ಟಿಗೆ ಇಳಿದರೆ, ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಮಾಡೋಣ ಎಂದು ಅವರು ಒಬ್ಬರಿಗೊಬ್ಬರು ಒಂದು ದಿನವೂ ಹೇಳಿಕೊಂಡಿಲ್ಲವಂತೆ.

"ಜೊತೇಲಿ ಇಳಿಯೋದು ಎಷ್ಟ್ ಕಷ್ಟ ಗೊತ್ತೇನ್ರೀ ನಿಮ್ಗೆ? ಸರಿಯಾಗ್ ಹಾಡೋದೇ ಸುಲಭ. ನೀವು ಒಂದ್ ದಿನದಲ್ಲಿ ಎಲ್ಲಾ ಸರಿ ಮಾಡ್ಬಿಟ್ರಿ" ಎಂದಳು. ಅವಳಿಗೆ ಅಳು ಬಂದಿತ್ತು. ನನಗೆ ಬಹಳ ನಾಚಿಕೆಯಾಯಿತು. ನಾಲ್ಕು ಜನ ಇಷ್ಟು ದಿನ ಉಸಿರು ಹಿಡಿದು ಕಾಪಾಡಿದ್ದನ್ನು ನಾನು ನಿಖರತೆಯ ಹೆಸರಿನಲ್ಲಿ, ಅಕ್ಕಿ ಮೂಟೆಗೆ ಕಾಲು ಚಾಚಿಕೊಂಡು ಹಾಳುಮಾಡಿದ್ದೆ.

ಮತ್ತೆ ಸಾಮಾನಿನ ಕೋಣೆಗೆ ಹೋದೆ. ತಿದ್ದಿದ್ದನ್ನೆಲ್ಲ ಅಳಿಸಿ, ನಾಲ್ವರನ್ನೂ ಅವರು ಹಾಡಿದ್ದ ಜಾಗಕ್ಕೇ ಇಳಿಸಿದೆ. ನನ್ನ ಹೊಸ ಶ್ರುತಿಯ ಸದ್ದನ್ನು ಹಾಡಿನ ಅರ್ಧದಿಂದ ತಗ್ಗಿಸುತ್ತ ಬಂದೆ. ಎಲ್ಲಿ, ಎಷ್ಟು ತಗ್ಗಿಸಬೇಕು ಎಂದು ಯಾವ ಗ್ರಾಫಿನಲ್ಲೂ ಇರಲಿಲ್ಲ, ಸುಮಾಳ ಕೈಯನ್ನು ನೆನೆದುಕೊಂಡು ಮಾಡಿದೆ. ಮರು ಸೋಮವಾರ ಸ್ಪೀಕರಿನಲ್ಲಿ ಹಾಕಿದಾಗ ಐದೂ ದನಿಗಳು ಒಟ್ಟಿಗೆ ನಡೆದವು. ಬಳಗದ ಹೆಂಗಸರು ಉಸಿರು ಬಿಟ್ಟರು. ನಾನೂ ಬಿಟ್ಟೆ.

"ಸ್ಪೀಕರಲ್ ಕೇಳ್ದಂಗಾಯ್ತು" ಎಂದರು ಗಂಗಮ್ಮಜ್ಜಿ. "ಅದೇನೋ ದುಡ್ಡು ಸುರ್ದು ತಂದಿದೀಯಂತಲ್ಲಪ್ಪಾ, ಕಿವಿಗ್ ಹಾಕ್ಕೊಳೋದು. ಕೊಡಿಲ್ಲಿ."

ಕೊಡದಿರಲು ನನಗೆ ಒಂದು ನೆಪವೂ ಹೊಳೆಯಲಿಲ್ಲ. ಹಾಲಿನ ಸ್ಪೀಕರಿನಲ್ಲಿ ಮಾಯವಾಗುವ ಆ ತಗ್ಗಿದ ಶ್ರುತಿ ಈ ಹೆಡ್‌ಫೋನಿನಲ್ಲಿ ಮಾಯವಾಗುವುದಿಲ್ಲ; ದನಿಗಳು ಅದರಿಂದ ಎಷ್ಟು ಕೆಳಗೆ ಇಳಿದಿವೆ ಎಂಬುದೂ ಕೇಳುತ್ತದೆ. ಅದಕ್ಕೇ ಅಲ್ಲವೇ ಕಸದ ಆಟೋ ಹಾಕಿ ಪರೀಕ್ಷಿಸಿ ತಂದದ್ದು. ಅಜ್ಜಿ ಸೆರಗು ಸರಿಸಿ, ಬೆಂಡೋಲೆಗೆ ತಾಗದಂತೆ ಅದನ್ನು ಕಿವಿಗೆ ಕೂರಿಸಿಕೊಂಡು ಕಣ್ಣು ಮುಚ್ಚಿದರು. ಅದರ ಜಾಲರಿಯಿಂದ ಸೋರಿದ ಹಾಡು ಸಣ್ಣಗೆ ಹಾಲಿನಲ್ಲೆಲ್ಲ ಕೇಳುತ್ತಿತ್ತು. ಅರ್ಧಕ್ಕೆ ಬಂತು. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿತು. ಕೊನೆಯವರೆಗೂ ಕೇಳಿದರು. ತೆಗೆದು ಮಡಿಲಲ್ಲಿಟ್ಟುಕೊಂಡು ಸುಮಾಳ ಕಡೆ ತಿರುಗಿದರು.

"ಯಾವಾಗಿಂದ್ರೇ?"

"ಏನಜ್ಜಿ?" ಎಂದಳು ಸುಮಾ.

ಅಜ್ಜಿ ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಬ್ಬೊಬ್ಬರನ್ನಾಗಿ ಉಳಿದವರನ್ನು.

"ಏನಿಲ್ಲ" ಎಂದು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟರು. "ಚೆನ್ನಾಗಿದೆಯಪ್ಪಾ ಇದು. ಏನೂ ಮುಚ್ಚಿಡಲ್ಲ." ಗೋಡೆ ಹಿಡಿದು ಎದ್ದು ನಿಂತರು. ಬಾಗಿಲವರೆಗೆ ಹೋಗುವುದನ್ನು ನೋಡುತ್ತ ನಾವೆಲ್ಲ ಕಲ್ಲಿನಂತೆ ಕೂತಿದ್ದೆವು, ಇನ್ನು ಈ ಬಾಗಿಲಿಗೆ ಅವರು ಬರುವುದಿಲ್ಲ ಎಂದು. ಚಪ್ಪಲಿ ಹಾಕಿಕೊಳ್ಳುತ್ತ, ತಿರುಗದೆ ಹೇಳಿದರು:

"ಮುಂದಿನ ಸೋಮವಾರದಿಂದ ಶ್ರುತಿ ಒಂದು ಮನೆ, ಒಂದ್ ಸ್ವರದಷ್ಟು, ಕೆಳಗಿಟ್ಕೊಂಡ್ ಶುರು ಮಾಡೋಣ. ಪಾಪ, ನಿಮಗೆಲ್ಲಾ ವಯಸ್ಸಾಯ್ತು. ಮೇಲಕ್ಕೆ ಎಳೀತಾ ಇದ್ರೆ ನಿಮ್ ಕೈಲಿ ಆಗಲ್ಲ."

"ಹೂಂ ಅಜ್ಜಿ, ಆಗಲ್ಲ" ಎಂದಳು ಸುಮಾ.

ಬಸವ ಜಯಂತಿಯ ಬೆಳಿಗ್ಗೆ ಪೆಂಡಾಲಿನವರು ನನ್ನ ನಿಖರವಾದ ಮಿಕ್ಸಿಂಗನ್ನು ತಮ್ಮ ತಗಡಿನ ಲೌಡ್‌ಸ್ಪೀಕರಿಗೆ ಕೊಟ್ಟು, ಚೆನ್ನಾಗಿರಲಿ ಎಂದು ಮೇಲೆ ಎಕೋ ಸೇರಿಸಿದರು. ಶ್ರುತಿಯೂ ಕೇಳಲಿಲ್ಲ, ಮಾತೂ ಕೇಳಲಿಲ್ಲ. ಕಾಮಾಕ್ಷಿಪಾಳ್ಯದವರೆಗೂ ಕೇಳಿತಂತೆ. ಎಲ್ಲರೂ ಬಹಳ ಮೆಚ್ಚಿಕೊಂಡರು. ಹೆಡ್‌ಫೋನು ಈಗ ಅಕ್ಕಿ ಮೂಟೆಯ ಮೇಲೆ ಕೂತಿದೆ. ಅದನ್ನು ಕಿವಿಗೆ ಹಾಕಿಕೊಳ್ಳುವ ಮೊದಲು ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.

ಆಮೇಲಿನ ಸೋಮವಾರ ಅಜ್ಜಿ ಎಂದಿನ ಹೊತ್ತಿಗೆ ಬಂದರು. ಶ್ರುತಿಯನ್ನು ತಾವೇ ಒಂದು ಮನೆ ಇಳಿಸಿ, ಸದ್ದನ್ನು ತಾವೇ ಜೋರಾಗಿಟ್ಟರು. ಹಾಡು ಅರ್ಧಕ್ಕೆ ಬಂತು. ದನಿ ಇದ್ದಲ್ಲೇ ಇತ್ತು. ಸುಮಾಳ ಕೈ ಮಾತ್ರ ಅಭ್ಯಾಸದಿಂದ ಆ ತಿರುಪಿನವರೆಗೆ ಹೋಗಿ, ಅಲ್ಲಿ ತನಗೇನೂ ಕೆಲಸವಿಲ್ಲವೆಂದು ತಿಳಿದು, ಅಜ್ಜಿಯ ಮಂಡಿಯ ಮೇಲೆ ಕೂತಿತು. ಅಜ್ಜಿ ಅದನ್ನು ತೆಗೆಯಲಿಲ್ಲ, ಅದರ ಮೇಲೆಯೇ ತಾಳ ಹಾಕಿದರು.